ಮುಟ್ಟು ನಿಲ್ಲುವ ಕಾಲದ ಮನಸ್ಸು: ಹಾರ್ಮೋನ್ ಮತ್ತು ಖಿನ್ನತೆಯ ಗುಳಿಗೆ ಜೊತೆಯಾಗಿ ಯಾವಾಗ?

ಹುಬ್ಬಳ್ಳಿ-ಧಾರವಾಡದಲ್ಲಿ ನಲವತ್ತೈದರ ಆಸುಪಾಸಿನ ಹೆಣ್ಣುಮಗಳೊಬ್ಬಳು ‘ಯಾಕೋ ಮನಸ್ಸಿಗೆ ಬ್ಯಾಸರ ಆಗೇತ್ರಿ, ರಾತ್ರಿ ನಿದ್ದಿ ಇಲ್ಲ, ನಡುವ ಮೈಯೆಲ್ಲಾ ಬೆಂಕಿ ಹತ್ತಿದಂಗ ಆಗಿ ಬೆವರು ಕಿತ್ತ ಬರತೈತಿ’ ಎಂದು ಹೇಳಿಕೊಂಡು ದವಾಖಾನೆಗೆ ಹೋದರೆ, ಆಕೆಗೆ ಸಿಗುವ ಚಿಕಿತ್ಸೆ ಬಹುಮಟ್ಟಿಗೆ ಆಕೆ ಯಾವ ಬಾಗಿಲಿಗೆ ಹೋದಳೆಂಬುದನ್ನೇ ಅವಲಂಬಿಸಿರುತ್ತದೆ. ಸ್ತ್ರೀರೋಗ ತಜ್ಞರ ಬಳಿ ಹೋದರೆ ಹೆಣ್ಣಿನ ಹಾರ್ಮೋನನ್ನು ಔಷಧವಾಗಿ ಕೊಡುವ ಹಾರ್ಮೋನ್ ಚಿಕಿತ್ಸೆಯ ಮಾತು ಬರುತ್ತದೆ, ಇಲ್ಲವೇ ‘ವಯಸ್ಸಿಗೆ ಸಹಜ, ಸ್ವಲ್ಪ ದಿನ ತಡಕೋರಿ’ ಎಂಬ ಸಮಾಧಾನ ಸಿಗುತ್ತದೆ. ಮನೋವೈದ್ಯರ ಬಳಿ ಹೋದರೆ ಖಿನ್ನತೆಯ ಗುಳಿಗೆ ಬರೆದುಕೊಡುತ್ತಾರೆ. ಎರಡೂ ಕಡೆ ಹೋದವರು ಒಬ್ಬರ ಚೀಟಿಯನ್ನು ಇನ್ನೊಬ್ಬರಿಗೆ ತೋರಿಸುವುದು ಕಡಿಮೆ, ಅದರಲ್ಲೂ ಮನೋವೈದ್ಯರ ಚೀಟಿಯನ್ನು ಮನೆಯವರಿಗೂ ಕಾಣದಂತೆ ಮಡಚಿ ಇಟ್ಟುಕೊಳ್ಳುವವರೇ ಹೆಚ್ಚು. ಈ ಎರಡು ಚಿಕಿತ್ಸೆಗಳನ್ನು ಜೊತೆಯಾಗಿ ತೆಗೆದುಕೊಳ್ಳಬಹುದೇ ಎಂಬ ಪ್ರಶ್ನೆಗೆ ಚಿಕ್ಕ ಉತ್ತರ ಹೌದು ಎಂಬುದೇ. ಆದರೆ ಯಾರಿಗೆ ಅದು ಬೇಕು, ಯಾವುದು ಮೊದಲು, ಯಾವುದು ಅನಂತರ, ಯಾವುದರಿಂದ ಗುಣವಾಯಿತೆಂದು ತಿಳಿಯುವುದು ಹೇಗೆ ಎಂಬುದನ್ನು ಅರಿಯದೆ ಎರಡನ್ನೂ ನುಂಗುತ್ತಾ ಹೋಗುವುದರಿಂದ ಪ್ರಯೋಜನ ಕಡಿಮೆ.

ಸತತವಾಗಿ ಹನ್ನೆರಡು ತಿಂಗಳು ಮುಟ್ಟಾಗದಿದ್ದಾಗ ಋತುಬಂಧವಾಯಿತೆಂದು ವೈದ್ಯಶಾಸ್ತ್ರ ಲೆಕ್ಕ ಹಿಡಿಯುತ್ತದೆ. ಪಾಶ್ಚಾತ್ಯ ದೇಶಗಳಲ್ಲಿ ಇದು ಸರಾಸರಿ 51ನೇ ವಯಸ್ಸಿಗೆ ಆಗುತ್ತದೆ, ನಮ್ಮ ದೇಶದಲ್ಲಿ 46-47ಕ್ಕೇ ಆಗುತ್ತದೆ. ಮನಸ್ಸಿನ ತೊಂದರೆಗಳು ಹೆಚ್ಚಾಗಿ ಕಾಣಿಸಿಕೊಳ್ಳುವುದು ಮುಟ್ಟು ಪೂರ್ತಿ ನಿಂತ ಮೇಲಲ್ಲ, ಅದಕ್ಕಿಂತ ಮೊದಲಿನ ಕೆಲವು ವರ್ಷಗಳಲ್ಲಿ, ಅಂದರೆ ಮುಟ್ಟು ಒಮ್ಮೆ ಇಪ್ಪತ್ತು ದಿನಕ್ಕೆ, ಇನ್ನೊಮ್ಮೆ ಎರಡು ತಿಂಗಳಿಗೆ ಬರತೊಡಗುವ ಸಂಕ್ರಮಣದ ಕಾಲದಲ್ಲಿ. ಈ ಕಾಲದಲ್ಲಿ ಅಂಡಾಶಯದಿಂದ ಬರುವ ಈಸ್ಟ್ರೋಜನ್ ನೇರವಾಗಿ ಇಳಿದುಹೋಗುವುದಿಲ್ಲ. ಒಂದು ತಿಂಗಳು ಮೊದಲಿಗಿಂತ ಮೇಲೇರಿ, ಮರು ತಿಂಗಳು ಪಾತಾಳ ಕಂಡು, ಮತ್ತೆ ಏರುತ್ತದೆ. ನಮ್ಮ ರೈತರಿಗೆ ಗೊತ್ತಿರುವಂತೆ ಹೊಲದ ಪಂಪ್‌ಸೆಟ್‌ನ ಮೋಟರಿಗೆ ಕರೆಂಟು ಹೋಗುವುದಕ್ಕಿಂತ ವೋಲ್ಟೇಜಿನ ಏರಿಳಿತವೇ ಹೆಚ್ಚು ಕಾಟ ಕೊಡುತ್ತದೆ. ಮಿದುಳಿಗೂ ಕಾಟ ಕೊಡುವುದು ಹಾರ್ಮೋನಿನ ಕೊರತೆಗಿಂತ ಈ ಏರಿಳಿತವೇ.

ಈಸ್ಟ್ರೋಜನ್ ಮಿದುಳಿನಲ್ಲಿ ಸೆರೊಟೋನಿನ್ ಎಂಬ, ಮನಸ್ಸಿನ ಸ್ಥಿತಿಗೆ ಸಂಬಂಧಿಸಿದ ರಾಸಾಯನಿಕ ತಯಾರಾಗುವುದಕ್ಕೂ, ಅದು ಬೇಗ ಒಡೆದುಹೋಗದಂತೆ ಉಳಿಯುವುದಕ್ಕೂ, ಅದನ್ನು ಸ್ವೀಕರಿಸುವ ಗ್ರಾಹಕಗಳು ಸರಿಯಾಗಿ ಕೆಲಸ ಮಾಡುವುದಕ್ಕೂ ನೆರವಾಗುತ್ತದೆ. ನಾರ್‌ಅಡ್ರಿನಲಿನ್ ಎಂಬ ಇನ್ನೊಂದು ರಾಸಾಯನಿಕದ ಮೇಲೂ ಅದರ ಹಿಡಿತವಿದೆ. ಅಂಡಾಶಯದ ಇನ್ನೊಂದು ಹಾರ್ಮೋನಾದ ಪ್ರೊಜೆಸ್ಟರಾನಿನಿಂದ ಹುಟ್ಟುವ ಅಲೋಪ್ರೆಗ್ನನೊಲೋನ್ ಎಂಬ ವಸ್ತು ಮಿದುಳನ್ನು ಶಾಂತಗೊಳಿಸಿ ನಿದ್ದೆಗೆ ಅನುವು ಮಾಡಿಕೊಡುತ್ತದೆ. ಮೊಟ್ಟೆ ಬಿಡುಗಡೆಯಾಗದ ತಿಂಗಳುಗಳು ಹೆಚ್ಚಾದಂತೆ ಅದೂ ಕಡಿಮೆಯಾಗುತ್ತದೆ. ಖಿನ್ನತೆಯ ಗುಳಿಗೆಗಳು ಕೆಲಸ ಮಾಡುವುದು ಕೂಡ ಇದೇ ಸೆರೊಟೋನಿನ್ ಮತ್ತು ನಾರ್‌ಅಡ್ರಿನಲಿನ್‌ಗಳ ಮೇಲೆ, ಅವು ನರಕೋಶಗಳ ನಡುವಿನ ಜಾಗದಲ್ಲಿ ಹೆಚ್ಚು ಹೊತ್ತು ಉಳಿಯುವಂತೆ ಮಾಡಿ. ಒಂದು ಚಿಕಿತ್ಸೆ ಮೂಲವನ್ನು ಸ್ಥಿರಗೊಳಿಸುತ್ತದೆ, ಇನ್ನೊಂದು ಇರುವುದನ್ನು ಉಳಿಸುತ್ತದೆ. ಇವೆರಡೂ ಒಂದಕ್ಕೊಂದು ಪೂರಕವಾಗಬಹುದೆಂಬ ವಿಚಾರ ಹುಟ್ಟಿದ್ದು ಇಲ್ಲಿಂದಲೇ.

ಎಲ್ಲ ಹೆಣ್ಣುಮಕ್ಕಳಿಗೂ ಈ ಕಾಲದಲ್ಲಿ ಖಿನ್ನತೆ ಬರುವುದಿಲ್ಲ. ಅಮೆರಿಕದಲ್ಲಿ 1996ರಿಂದ ಹಲವು ಜನಾಂಗಗಳ ಮಹಿಳೆಯರನ್ನು ವರ್ಷಾನುಗಟ್ಟಲೆ ಹಿಂಬಾಲಿಸಿದ ಅಧ್ಯಯನವೊಂದರಲ್ಲಿ, ಮುಟ್ಟು ಸರಿಯಾಗಿದ್ದ ಕಾಲಕ್ಕೆ ಹೋಲಿಸಿದರೆ ಸಂಕ್ರಮಣದಲ್ಲಿ ಮತ್ತು ಅದರ ಅನಂತರದ ಮೊದಲ ವರ್ಷಗಳಲ್ಲಿ ತೀವ್ರ ಖಿನ್ನತೆಯ ಸಾಧ್ಯತೆ ಎರಡರಿಂದ ನಾಲ್ಕು ಪಟ್ಟು ಹೆಚ್ಚಿರುವುದು ಕಂಡುಬಂದಿತು. ಹಿಂದೆ ಒಮ್ಮೆ ಖಿನ್ನತೆ ಅನುಭವಿಸಿದವರು, ಬಾಣಂತಿತನದಲ್ಲಿ ಮನಸ್ಸು ಕುಸಿದವರು, ಮುಟ್ಟಿನ ಮುಂಚಿನ ವಾರದಲ್ಲಿ ಪ್ರತಿ ತಿಂಗಳೂ ಕಿರಿಕಿರಿ, ಅಳು ಅನುಭವಿಸುತ್ತಿದ್ದವರು ಈ ಏರಿಳಿತಕ್ಕೆ ಹೆಚ್ಚು ಬೇಗ ಸ್ಪಂದಿಸುತ್ತಾರೆ. ಹಾಗೆಂದು ಎಲ್ಲವನ್ನೂ ಹಾರ್ಮೋನಿನ ತಲೆಗೆ ಕಟ್ಟುವುದೂ ಸರಿಯಲ್ಲ. ಇದೇ ವಯಸ್ಸಿನಲ್ಲಿ ಮಗಳ ಮದುವೆಯ ಸಾಲ, ಹಾಸಿಗೆ ಹಿಡಿದ ಅತ್ತೆಯ ಆರೈಕೆ, ಗಂಡನ ಕುಡಿತ ಎಲ್ಲವೂ ಒಟ್ಟಿಗೆ ಬಂದಿರುತ್ತವೆ; ಥೈರಾಯ್ಡ್ ಕೊರತೆ, ರಕ್ತಹೀನತೆ, ಬಿ12 ಕೊರತೆಗಳೂ ಇದೇ ಬೇಸರ, ಇದೇ ಸುಸ್ತಿನ ವೇಷದಲ್ಲಿ ಬರುತ್ತವೆ. ಆದ್ದರಿಂದ ಯಾವ ಚಿಕಿತ್ಸೆಗೂ ಮೊದಲು ಈ ಕೆಲವು ರಕ್ತ ಪರೀಕ್ಷೆಗಳು ಆಗಬೇಕು. ನಲವತ್ತೈದು ದಾಟಿದವರಿಗೆ ಎಫ್‌ಎಸ್‌ಎಚ್ ಎಂಬ ಹಾರ್ಮೋನ್ ಪರೀಕ್ಷೆ ಸಾಮಾನ್ಯವಾಗಿ ಬೇಕಾಗುವುದಿಲ್ಲ, ಏಕೆಂದರೆ ಅದೂ ವಾರದಿಂದ ವಾರಕ್ಕೆ ಏರಿಳಿಯುತ್ತದೆ. ಆ ಹಣವನ್ನು ಥೈರಾಯ್ಡ್ ಪರೀಕ್ಷೆಗೆ ಕೊಡುವುದು ಲೇಸು.

ಹಾರ್ಮೋನ್ ಒಂದೇ ಸಾಕಾಗುವುದು ಯಾರಿಗೆ

2001ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಸಂಕ್ರಮಣ ಕಾಲದ ಖಿನ್ನತೆಯಿದ್ದ 50 ಮಹಿಳೆಯರಲ್ಲಿ ಅರ್ಧದಷ್ಟು ಜನರಿಗೆ ಈಸ್ಟ್ರೋಜನ್ನಿನ ಒಂದು ರೂಪವಾದ ಎಸ್ಟ್ರಾಡಯಾಲ್ ಇರುವ ಚರ್ಮದ ಪಟ್ಟಿಯನ್ನೂ, ಉಳಿದವರಿಗೆ ಔಷಧವಿಲ್ಲದ ಪಟ್ಟಿಯನ್ನೂ ಹನ್ನೆರಡು ವಾರ ಅಂಟಿಸಲಾಯಿತು. ಔಷಧ ಪಡೆದವರಲ್ಲಿ ಶೇ 68ರಷ್ಟು ಜನರ ಖಿನ್ನತೆ ಇಳಿಯಿತು, ಇನ್ನೊಂದು ಗುಂಪಿನಲ್ಲಿ ಶೇ 20ರಷ್ಟು ಮಾತ್ರ. ಇದೇ ಚಿಕಿತ್ಸೆಯನ್ನು ಮುಟ್ಟು ನಿಂತು ವರ್ಷಗಳಾಗಿದ್ದ ಮಹಿಳೆಯರಿಗೆ ಕೊಟ್ಟು ನೋಡಿದ 2004ರ ಪ್ರಯೋಗದಲ್ಲಿ ಅಂಥ ಪ್ರಯೋಜನ ಕಾಣಲಿಲ್ಲ. ಈ ಎರಡು ಫಲಿತಾಂಶಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಬಹಳಷ್ಟು ಗೊಂದಲ ತಿಳಿಯಾಗುತ್ತದೆ: ಈಸ್ಟ್ರೋಜನ್ ಮನಸ್ಸಿಗೆ ನೆರವಾಗುವುದು ಏರಿಳಿತ ನಡೆದಿರುವ ಕಾಲದಲ್ಲಿ. ಅರವತ್ತು ದಾಟಿದ ಅಜ್ಜಿಗೆ ಹೊಸದಾಗಿ ಖಿನ್ನತೆ ಬಂದರೆ ಅದಕ್ಕೆ ಹಾರ್ಮೋನ್ ಮದ್ದಲ್ಲ.

ಉತ್ತರ ಅಮೆರಿಕದ ಋತುಬಂಧ ತಜ್ಞರ ಸಂಘವು ಖಿನ್ನತೆ ತಜ್ಞರೊಂದಿಗೆ ಸೇರಿ 2018ರಲ್ಲಿ ಹೊರತಂದ ಮಾರ್ಗಸೂಚಿಯು ತೀವ್ರ ಖಿನ್ನತೆಗೆ ಮೊದಲ ಚಿಕಿತ್ಸೆ ಖಿನ್ನತೆಯ ಗುಳಿಗೆ ಮತ್ತು ಮನೋಚಿಕಿತ್ಸೆಯೇ ಎಂದು ಹೇಳುತ್ತದೆ. ಮೈ ಬಿಸಿಯಾಗುವ ತೊಂದರೆಯೂ ಜೊತೆಗಿರುವ ಸಂಕ್ರಮಣ ಕಾಲದ ಮಹಿಳೆಯರಲ್ಲಿ ಈಸ್ಟ್ರೋಜನ್ನಿಗೂ ಖಿನ್ನತೆ ಇಳಿಸುವ ಗುಣವಿದೆಯೆಂದು ಅದು ಒಪ್ಪುತ್ತದೆ. ಚಿಕಿತ್ಸೆಯ ಮಾರ್ಗಸೂಚಿಗಳನ್ನು ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆ 2015ರಲ್ಲಿ ಕೊಟ್ಟ ಸಲಹೆಯ ಒತ್ತು ಬೇರೆ: ಖಿನ್ನತೆಯೆಂದು ರೋಗನಿರ್ಣಯವಾಗದ, ಋತುಬಂಧದಿಂದ ಬಂದ ಮನಸ್ಸಿನ ಕುಗ್ಗುವಿಕೆಗೆ ಹಾರ್ಮೋನ್ ಚಿಕಿತ್ಸೆಯನ್ನೂ ಮನೋಚಿಕಿತ್ಸೆಯನ್ನೂ ಪರಿಗಣಿಸಬಹುದು, ಅಂಥವರಿಗೆ ಖಿನ್ನತೆಯ ಗುಳಿಗೆಯಿಂದ ಪ್ರಯೋಜನವಿದೆಯೆನ್ನಲು ಸ್ಪಷ್ಟ ಆಧಾರವಿಲ್ಲ ಎಂದು ಅದು ಹೇಳಿತು. ಮೇಲ್ನೋಟಕ್ಕೆ ಇವು ಒಂದಕ್ಕೊಂದು ವಿರುದ್ಧವೆನಿಸಿದರೂ ಹಾಗಿಲ್ಲ, ಏಕೆಂದರೆ ಮೊದಲನೆಯದು ಕಾಯಿಲೆಯಾಗಿ ಬೆಳೆದ ಖಿನ್ನತೆಯ ಬಗ್ಗೆ ಮಾತನಾಡುತ್ತಿದೆ, ಇನ್ನೊಂದು ಕಾಯಿಲೆಯ ಮಟ್ಟಕ್ಕೆ ಹೋಗದ ಬೇಸರದ ಬಗ್ಗೆ. ಎರಡು ವಾರಕ್ಕಿಂತ ಹೆಚ್ಚು ಕಾಲ ದಿನದ ಬಹುಪಾಲು ಮಂಕಾಗಿರುವುದು, ಯಾವುದರಲ್ಲೂ ಆಸಕ್ತಿ ಉಳಿಯದಿರುವುದು, ಊಟ ಸೇರದಿರುವುದು, ‘ನಾ ಇದ್ದು ಏನ ಉಪಯೋಗ’ ಎನಿಸುವುದು ಮೊದಲನೆಯದರ ಲಕ್ಷಣಗಳು. ಸಾವಿನ ಯೋಚನೆ ಒಮ್ಮೆ ಸುಳಿದರೂ ಅಲ್ಲಿ ಹಾರ್ಮೋನಿನ ಚರ್ಚೆಗೆ ಕಾಯಬಾರದು; ಮನೋವೈದ್ಯರನ್ನು ಅದೇ ದಿನ ಕಾಣಬೇಕು.

ಹಾರ್ಮೋನ್ ಎಂದೊಡನೆ ಕ್ಯಾನ್ಸರ್ ಎಂಬ ಭಯ ಮೂಡುವುದಕ್ಕೆ 2002ರಲ್ಲಿ ಅಮೆರಿಕದಲ್ಲಿ ಅರ್ಧಕ್ಕೆ ನಿಲ್ಲಿಸಲಾದ ದೊಡ್ಡ ಪ್ರಯೋಗ ಕಾರಣ. ಅದರಲ್ಲಿ 16,608 ಮಹಿಳೆಯರಿದ್ದರು, ಅವರ ಸರಾಸರಿ ವಯಸ್ಸು 63. ಸಂಯುಕ್ತ ಹಾರ್ಮೋನ್ (ಈಸ್ಟ್ರೋಜನ್ ಜೊತೆ ಪ್ರೊಜೆಸ್ಟರಾನಿನ ಕೃತಕ ರೂಪ) ಪಡೆದವರಲ್ಲಿ ಪ್ರತಿ 10,000 ಮಹಿಳೆಯರಿಗೆ ವರ್ಷಕ್ಕೆ 8 ಸ್ತನ ಕ್ಯಾನ್ಸರ್‌ಗಳು ಹೆಚ್ಚಿಗೆ ಕಂಡವು. ಪಾರ್ಶ್ವವಾಯು, ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪುಗಟ್ಟುವಿಕೆಗಳೂ ಅಷ್ಟಷ್ಟೇ ಹೆಚ್ಚಿದವು. ಅನಂತರದ ವಿಶ್ಲೇಷಣೆಗಳು ತೋರಿಸಿದಂತೆ ಅರವತ್ತರೊಳಗೆ, ಅಥವಾ ಮುಟ್ಟು ನಿಂತ ಹತ್ತು ವರ್ಷಗಳೊಳಗೆ ಆರಂಭಿಸುವ ಆರೋಗ್ಯವಂತ ಮಹಿಳೆಯರಿಗೆ ಲಾಭ ಸಾಮಾನ್ಯವಾಗಿ ಅಪಾಯಕ್ಕಿಂತ ಹೆಚ್ಚು. ಆದರೂ ಸ್ತನ ಕ್ಯಾನ್ಸರ್ ಬಂದವರಿಗೆ, ಕಾಲಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದವರಿಗೆ, ಪಾರ್ಶ್ವವಾಯು ಅಥವಾ ಹೃದಯಾಘಾತವಾದವರಿಗೆ, ಯಕೃತ್ತಿನ ಕಾಯಿಲೆ ಇರುವವರಿಗೆ, ಕಾರಣ ತಿಳಿಯದ ರಕ್ತಸ್ರಾವ ಇರುವವರಿಗೆ ಇದು ಸಲ್ಲದು. ಚರ್ಮಕ್ಕೆ ಹಚ್ಚುವ ಜೆಲ್ ನುಂಗುವ ಗುಳಿಗೆಗಿಂತ ಹೆಪ್ಪುಗಟ್ಟುವಿಕೆಯ ದೃಷ್ಟಿಯಿಂದ ಸುರಕ್ಷಿತ. ಗರ್ಭಚೀಲ ಇರುವವರಿಗೆ ಈಸ್ಟ್ರೋಜನ್ನಿನ ಜೊತೆ ಪ್ರೊಜೆಸ್ಟರಾನ್ ಕೊಡಲೇಬೇಕು, ಇಲ್ಲದಿದ್ದರೆ ಗರ್ಭಚೀಲದ ಒಳಪದರ ದಪ್ಪಗಾಗಿ ಮುಂದೆ ಕ್ಯಾನ್ಸರಿಗೆ ದಾರಿಯಾಗಬಹುದು. ಈ ಪ್ರೊಜೆಸ್ಟರಾನಿನ ಕೆಲವು ಕೃತಕ ರೂಪಗಳಿಂದ ಕೆಲವರ ಮನಸ್ಸು ಇನ್ನಷ್ಟು ಕುಗ್ಗುತ್ತದೆ. ಹಾರ್ಮೋನ್ ಶುರುವಾದ ಮೇಲೆ ಬೇಸರ ಹೆಚ್ಚಾಯಿತೆಂದು ಯಾರಾದರೂ ಹೇಳಿದರೆ ಅದನ್ನು ತಳ್ಳಿಹಾಕದೆ, ಪ್ರೊಜೆಸ್ಟರಾನಿನ ಬಗೆಯನ್ನು ಬದಲಿಸಿ ನೋಡಬೇಕು. ಮೈಕ್ರೊನೈಸ್ಡ್ ಎಂಬ ನೈಸರ್ಗಿಕ ರೂಪವನ್ನು ರಾತ್ರಿ ಮಲಗುವ ಮುಂಚೆ ಕೊಟ್ಟರೆ ಅದು ನಿದ್ದೆಗೂ ಸಹಾಯ ಮಾಡುತ್ತದೆ.

ಎರಡೂ ಬೇಕಾಗುವ ಸಂದರ್ಭಗಳು

ಗದಗಿನ ಪ್ರಾಥಮಿಕ ಶಾಲೆಯ ಶಿಕ್ಷಕಿಯೊಬ್ಬರು ವರ್ಷಗಳಿಂದ 10 ಮಿಲಿಗ್ರಾಂ ಎಸ್ಸಿಟಾಲೋಪ್ರಾಮ್ ಎಂಬ ಖಿನ್ನತೆಯ ಗುಳಿಗೆ ತೆಗೆದುಕೊಂಡು ಚೆನ್ನಾಗಿದ್ದಾರೆಂದು ಇಟ್ಟುಕೊಳ್ಳೋಣ. ನಲವತ್ತೇಳಕ್ಕೆ ಬಂದಾಗ ಮುಟ್ಟು ಹಿಂದುಮುಂದಾಗುತ್ತದೆ, ಬೆಳಗಿನ ಮೂರಕ್ಕೆ ಬೆವರಿನಿಂದ ದಿಂಬು ಒದ್ದೆಯಾಗಿ ಎಚ್ಚರವಾಗುತ್ತದೆ, ಮತ್ತೆ ನಿದ್ದೆ ಹತ್ತುವುದಿಲ್ಲ, ತರಗತಿಯಲ್ಲಿ ಮಕ್ಕಳ ಮೇಲೆ ರೇಗಿ ಆಮೇಲೆ ಸ್ಟಾಫ್ ರೂಮಿನಲ್ಲಿ ಕೂತು ಅಳುತ್ತಾರೆ. ಹಳೆಯ ಕಾಯಿಲೆ ಮರಳಿತೆಂದು ತಿಳಿದು ಗುಳಿಗೆಯನ್ನು 20 ಮಿಲಿಗ್ರಾಂಗೆ ಏರಿಸುವುದು ಸುಲಭದ ದಾರಿ, ಕೆಲವೊಮ್ಮೆ ಅದು ಸರಿಯೂ ಹೌದು. ಆದರೆ ಇಲ್ಲಿ ಬದಲಾಗಿರುವುದು ಹಾರ್ಮೋನಿನ ನೆಲೆ. ಬೆವರಿನಿಂದ ಕೆಟ್ಟ ನಿದ್ದೆ, ನಿದ್ದೆಗೇಡಿನಿಂದ ಕೆಟ್ಟ ಮನಸ್ಸು ಎಂಬ ಸರಪಳಿ ಎದ್ದು ಕಾಣುತ್ತಿರುವಾಗ ಗುಳಿಗೆಯ ಪ್ರಮಾಣವನ್ನು ಹಾಗೆಯೇ ಉಳಿಸಿಕೊಂಡು ಹಾರ್ಮೋನ್ ಸೇರಿಸುವುದು ಹೆಚ್ಚು ಸಮಂಜಸ. ಇಂಥವರು ‘ಹಾರ್ಮೋನ್ ಶುರುವಾಯ್ತಲ್ಲ, ಇನ್ನ ತಲಿ ಗುಳಿಗಿ ಬ್ಯಾಡ’ ಎಂದು ಹಳೆಯ ಗುಳಿಗೆಯನ್ನು ಒಮ್ಮೆಲೇ ಬಿಟ್ಟುಬಿಡುವುದು ನಾನು ಮತ್ತೆ ಮತ್ತೆ ಕೇಳಿರುವ ಸಂಗತಿ. ಹಾಗೆ ಬಿಟ್ಟರೆ ತಲೆಸುತ್ತು, ವಾಕರಿಕೆ, ತಲೆಯಲ್ಲಿ ಕರೆಂಟು ಹೊಡೆದಂಥ ಜುಮ್ಮೆನಿಸುವಿಕೆ ಕಾಣಿಸಿಕೊಳ್ಳುವುದಲ್ಲದೆ, ಹಳೆಯ ಖಿನ್ನತೆ ಮರಳುವ ಅಪಾಯವೂ ಇದೆ.

ಇದರ ವಿರುದ್ಧ ದಿಕ್ಕಿನಿಂದ ಬರುವವರೂ ಇದ್ದಾರೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುವ ಹೆಂಗಸಿಗೆ ಮೈ ಬಿಸಿಯಾಗುವುದು ತಡೆಯಲಾರದೆ ಹಾರ್ಮೋನ್ ಕೊಡಲಾಗಿದೆ, ಎರಡು ತಿಂಗಳಲ್ಲಿ ಬೆವರು ನಿಂತು ರಾತ್ರಿ ನಿದ್ದೆಯೂ ಬರುತ್ತಿದೆ ಎನ್ನಿ. ಆದರೂ ಆಕೆ ಜೊತೆಗಾರ್ತಿಯರೊಂದಿಗೆ ಕೂತು ಬುತ್ತಿ ಬಿಚ್ಚುವುದಿಲ್ಲ, ಮೊಮ್ಮಗನನ್ನು ಎತ್ತಿಕೊಳ್ಳುವ ಮನಸ್ಸಾಗುವುದಿಲ್ಲ, ಎಲ್ಲ ಮಾತಿಗೂ ‘ಹೂಂ’ ಎಂದಷ್ಟೇ ಉತ್ತರ. ಎಂಟರಿಂದ ಹನ್ನೆರಡು ವಾರ ಹಾರ್ಮೋನ್ ತೆಗೆದುಕೊಂಡೂ ಮನಸ್ಸು ಮೇಲೇಳದಿದ್ದರೆ ಅಲ್ಲಿರುವುದು ತನ್ನ ಕಾಲ ಮೇಲೆ ತಾನೇ ನಿಂತ ಖಿನ್ನತೆ. ಅದಕ್ಕೆ ಖಿನ್ನತೆಯ ಚಿಕಿತ್ಸೆಯೇ ಬೇಕು. ಹಾರ್ಮೋನಿನ ಪ್ರಮಾಣವನ್ನು ಏರಿಸುತ್ತಾ ಹೋಗುವುದು ಇಲ್ಲಿ ಕಾಲಹರಣ.

ಖಿನ್ನತೆಯೂ ತೀವ್ರ, ಮೈ ಬಿಸಿಯಾಗುವುದೂ ತೀವ್ರ ಎಂಬ ಸ್ಥಿತಿಯಲ್ಲಿ ಎರಡನ್ನೂ ಬಲುಬೇಗ ಆರಂಭಿಸಬೇಕಾಗುತ್ತದೆ. ಆಗಲೂ ಸಾಧ್ಯವಾದರೆ ಕೆಲವು ವಾರಗಳ ಅಂತರ ಇರುವುದು ಒಳ್ಳೆಯದೆಂಬುದು ನನ್ನ ಅಭಿಪ್ರಾಯ. ಒಂದೇ ದಿನ ಎರಡೂ ಶುರುವಾದರೆ ವಾಕರಿಕೆ ಯಾವುದರಿಂದ, ತಲೆನೋವು ಯಾವುದರಿಂದ, ಗುಣ ಯಾವುದರಿಂದ ಎಂದು ಬಿಡಿಸಿ ಹೇಳಲು ಯಾರಿಗೂ ಆಗುವುದಿಲ್ಲ, ಮುಂದೆ ಯಾವುದನ್ನು ನಿಲ್ಲಿಸಬೇಕೆಂಬ ಪ್ರಶ್ನೆ ಬಂದಾಗ ಆ ಗೊಂದಲ ದೊಡ್ಡದಾಗುತ್ತದೆ. ಹಾರ್ಮೋನಿನಿಂದ ಬೆವರು, ನಿದ್ದೆಗಳಲ್ಲಿ ಬದಲಾವಣೆ ಕೆಲವೇ ವಾರಗಳಲ್ಲಿ ಕಾಣಿಸಿದರೆ, ಖಿನ್ನತೆಯ ಗುಳಿಗೆ ಮನಸ್ಸಿನ ಮೇಲೆ ಪೂರ್ತಿ ಪರಿಣಾಮ ಬೀರಲು ನಾಲ್ಕರಿಂದ ಆರು ವಾರ ಬೇಕು. ಎರಡೂ ಸೇರಿದಾಗ ಒಂದೊಂದಕ್ಕಿಂತ ಹೆಚ್ಚು ಗುಣ ಸಿಗುತ್ತದೆಯೇ ಎಂಬ ಬಗ್ಗೆ ನಡೆದಿರುವ ಅಧ್ಯಯನಗಳು ಚಿಕ್ಕವು. ಕೆಲವು ಹೌದೆಂದರೆ ಕೆಲವು ವ್ಯತ್ಯಾಸವಿಲ್ಲ ಎಂದಿವೆ. ಹೀಗಾಗಿ ‘ಎರಡೂ ಕೊಟ್ಟರೆ ಖಂಡಿತ ಗುಣ’ ಎಂದು ಭರವಸೆ ಕೊಡುವವರ ಮಾತನ್ನು ಪೂರ್ತಿ ನಂಬಬೇಕಾಗಿಲ್ಲ.

ಯಾವುದು ಕೆಲಸ ಮಾಡುತ್ತಿದೆಯೆಂದು ತಿಳಿಯಲು ದುಬಾರಿ ಪರೀಕ್ಷೆಗಳು ಬೇಡ. ನಮ್ಮ ಕಡೆ ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನ ಮೇಲೆ ಹಾಲಿನ ಲೆಕ್ಕ, ಸಿಲಿಂಡರ್ ಬಂದ ದಿನ ಬರೆದಿಡುವ ರೂಢಿ ಇದೆ. ಅದೇ ಚೌಕದಲ್ಲಿ ಮುಟ್ಟಾದ ದಿನಕ್ಕೊಂದು ಗುರುತು, ರಾತ್ರಿ ಬೆವರಿ ಎಚ್ಚರವಾದದ್ದಕ್ಕೆ ಒಂದೊಂದು ಗೀಟು, ಮನಸ್ಸಿಗೆ ಹತ್ತಕ್ಕೆ ಇಷ್ಟು ಎಂಬ ಒಂದು ಅಂಕಿ, ಹೊಸ ಗುಳಿಗೆ ಶುರುವಾದ ದಿನ ಬರೆದರೆ ಸಾಕು. ಮೂರು ತಿಂಗಳ ಆ ಹಾಳೆಗಳನ್ನು ಹರಿದುಕೊಂಡು ಹೋಗಿ ವೈದ್ಯರ ಮೇಜಿನ ಮೇಲಿಟ್ಟರೆ, ಬೇಸರದ ದಿನಗಳು ಬೆವರಿನ ರಾತ್ರಿಗಳನ್ನು ಹಿಂಬಾಲಿಸುತ್ತಿವೆಯೋ, ಮುಟ್ಟಿನ ಮುಂಚಿನ ವಾರಕ್ಕೆ ಅಂಟಿಕೊಂಡಿವೆಯೋ, ಇಲ್ಲಾ ಎಲ್ಲ ದಿನಗಳಲ್ಲೂ ಒಂದೇ ಸಮನೆ ಹರಡಿಕೊಂಡಿವೆಯೋ ಎಂಬುದು ಒಂದು ನೋಟದಲ್ಲಿ ತಿಳಿಯುತ್ತದೆ. ಮೊದಲೆರಡು ಹಾರ್ಮೋನಿನ ಕಡೆಗೆ, ಮೂರನೆಯದು ಖಿನ್ನತೆಯ ಚಿಕಿತ್ಸೆಯ ಕಡೆಗೆ ಬೆರಳು ತೋರಿಸುತ್ತದೆ.

ಗರ್ಭಚೀಲ ತೆಗೆಸಿದವರ ಮಾತು

ಗರ್ಭಚೀಲ ತೆಗೆಸಿಕೊಂಡವರಿಗೆ ಮುಟ್ಟಿನ ಲೆಕ್ಕವೇ ಇರುವುದಿಲ್ಲವಾದ್ದರಿಂದ ಅವರ ಸಂಕ್ರಮಣ ಯಾರ ಕಣ್ಣಿಗೂ ಬೀಳದೆ ಉಳಿಯುತ್ತದೆ. ಹಾವೇರಿ ಜಿಲ್ಲೆಯಲ್ಲಿ ಈ ಮಾತಿಗೆ ಬೇರೆಯೇ ತೂಕವಿದೆ: ರಾಣೆಬೆನ್ನೂರು ತಾಲ್ಲೂಕಿನ ತಾಂಡಾ ಮತ್ತು ಹಳ್ಳಿಗಳ ಹೆಣ್ಣುಮಕ್ಕಳು ತಮ್ಮ ಗರ್ಭಚೀಲವನ್ನು ಅಗತ್ಯವಿಲ್ಲದೆ ತೆಗೆಯಲಾಯಿತೆಂದು ಆರೋಪಿಸಿ ವರ್ಷಗಳ ಕಾಲ ಹೋರಾಟ ನಡೆಸಿದ್ದಾರೆ. ಶಸ್ತ್ರಚಿಕಿತ್ಸೆಯಲ್ಲಿ ಎರಡೂ ಅಂಡಾಶಯಗಳನ್ನು ತೆಗೆದಿದ್ದರೆ ಮೂವತ್ತೈದರ ಹೆಣ್ಣುಮಗಳೂ ಕೆಲವೇ ದಿನಗಳಲ್ಲಿ ಋತುಬಂಧಕ್ಕೆ ಬಂದು ನಿಲ್ಲುತ್ತಾಳೆ, ಏರಿಳಿತದ ಹಂತವೇ ಇಲ್ಲದೆ ಹಾರ್ಮೋನ್ ಒಮ್ಮೆಲೇ ಕುಸಿಯುತ್ತದೆ, ಮನಸ್ಸಿಗೆ ಬೀಳುವ ಪೆಟ್ಟೂ ಅಷ್ಟೇ ಜೋರಾಗಿರುತ್ತದೆ. ಅಂಡಾಶಯ ಉಳಿಸಿದ್ದರೂ ಅದು ನಿರೀಕ್ಷೆಗಿಂತ ಕೆಲವು ವರ್ಷ ಮೊದಲೇ ದಣಿಯಬಹುದು. ಸಣ್ಣ ವಯಸ್ಸಿನಲ್ಲಿ ಅಂಡಾಶಯ ಕಳೆದುಕೊಂಡವರಿಗೆ, ಬೇರೆ ಅಡ್ಡಿಯಿಲ್ಲದಿದ್ದರೆ, ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗೆ ಹಾರ್ಮೋನ್ ಕೊಡುವುದು ಸಾಮಾನ್ಯ ನಿಯಮ, ಏಕೆಂದರೆ ಇಲ್ಲಿ ಎಲುಬು ಮತ್ತು ಹೃದಯದ ರಕ್ಷಣೆಯ ಪ್ರಶ್ನೆಯೂ ಇದೆ. ಖಿನ್ನತೆ ಇದ್ದರೆ ಅದರ ಗುಳಿಗೆಯೂ ಜೊತೆಗಿರಬಹುದು. ಗರ್ಭಚೀಲ ಇಲ್ಲದವರಿಗೆ ಈಸ್ಟ್ರೋಜನ್ ಒಂದೇ ಸಾಕು, ಸಾಮಾನ್ಯವಾಗಿ ಪ್ರೊಜೆಸ್ಟರಾನ್ ಬೇಡವಾದ್ದರಿಂದ ಚಿಕಿತ್ಸೆಯೂ ಸರಳ. ಆದರೆ ‘ಏನೇನು ತೆಗೆದಿದ್ದಾರೆ’ ಎಂದು ಕೇಳಿದರೆ ‘ಎಲ್ಲಾ ತಗದಾರ್ರಿ’ ಎಂಬ ಉತ್ತರ ಬರುತ್ತದೆಯೇ ಹೊರತು ಅಂಡಾಶಯ ಉಳಿದಿದೆಯೋ ಇಲ್ಲವೋ ಅವರಿಗೆ ಯಾರೂ ಹೇಳಿರುವುದಿಲ್ಲ. ಡಿಸ್‌ಚಾರ್ಜ್ ಕಾರ್ಡನ್ನು ಹುಡುಕಿ ತೆಗೆಯುವುದು, ಅದಿಲ್ಲದಿದ್ದರೆ ಸ್ಕ್ಯಾನಿಂಗ್ ಮಾಡಿಸುವುದು ಈ ಹೆಣ್ಣುಮಕ್ಕಳಿಗೆ ಸಲ್ಲಲೇಬೇಕಾದ ಕನಿಷ್ಠ ನ್ಯಾಯ.

ಗುಳಿಗೆಗಳ ನಡುವಿನ ಸಂಬಂಧ

ಸಾಮಾನ್ಯವಾಗಿ ಬರೆಯುವ ಖಿನ್ನತೆಯ ಗುಳಿಗೆಗಳಿಗೂ ಈಸ್ಟ್ರೋಜನ್ನಿಗೂ ನಡುವೆ ದೊಡ್ಡ ಘರ್ಷಣೆಯಿಲ್ಲ. ಎಚ್ಚರ ಬೇಕಾಗುವುದು ಮೂರನೆಯ ಔಷಧ ಬಂದಾಗ. ಥೈರಾಯ್ಡ್ ಕೊರತೆಗೆ ಥೈರಾಕ್ಸಿನ್ ತೆಗೆದುಕೊಳ್ಳುವವರು ಈಸ್ಟ್ರೋಜನ್ ಗುಳಿಗೆ ನುಂಗಲು ಆರಂಭಿಸಿದರೆ ಥೈರಾಕ್ಸಿನ್ನಿನ ಪ್ರಮಾಣ ಸಾಲದೇ ಹೋಗಬಹುದು. ಎರಡು-ಮೂರು ತಿಂಗಳಲ್ಲಿ ಟಿಎಸ್‌ಎಚ್ ಎಂಬ ಥೈರಾಯ್ಡ್ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸಬೇಕು. ಇದನ್ನು ಮರೆತರೆ ಥೈರಾಯ್ಡ್ ಕೊರತೆಯ ಮಂಕನ್ನೇ ಖಿನ್ನತೆಯೆಂದು ತಿಳಿದು ಇನ್ನೊಂದು ಗುಳಿಗೆ ಏರಿಸುವಂತಾಗುತ್ತದೆ. ಮಂಡಿನೋವಿಗೆಂದು ಔಷಧದ ಅಂಗಡಿಯಿಂದ ನೋವಿನ ಗುಳಿಗೆ ತಂದು ನುಂಗುವವರಲ್ಲಿ ಖಿನ್ನತೆಯ ಗುಳಿಗೆ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ವೆನ್ಲಾಫ್ಯಾಕ್ಸಿನ್ ಎಂಬ ಖಿನ್ನತೆಯ ಗುಳಿಗೆ ಬಿಪಿಯನ್ನು ಏರಿಸಬಹುದು. ಹಿಂದೆ ಎಂದಾದರೂ ನಿದ್ದೆಯೇ ಬೇಡವೆನಿಸುವಷ್ಟು ಹುರುಪು, ಅತಿ ಮಾತು, ಅತಿ ಖರ್ಚಿನ ದಿನಗಳು ಬಂದಿದ್ದರೆ ಅದನ್ನು ಮನೋವೈದ್ಯರಿಗೆ ಮೊದಲೇ ಹೇಳಬೇಕು, ಏಕೆಂದರೆ ಅಂಥವರಿಗೆ ಖಿನ್ನತೆಯ ಗುಳಿಗೆಯೊಂದನ್ನೇ ಕೊಟ್ಟರೆ ಮನಸ್ಸು ಇನ್ನೊಂದು ತುದಿಗೆ ಜಿಗಿಯಬಹುದು.

ಹಾರ್ಮೋನ್ ಸಲ್ಲದವರಿಗೆ ದಾರಿ ಮುಚ್ಚಿಲ್ಲ. ಖಿನ್ನತೆಯ ಗುಳಿಗೆಗಳಾದ ವೆನ್ಲಾಫ್ಯಾಕ್ಸಿನ್, ಎಸ್ಸಿಟಾಲೋಪ್ರಾಮ್, ಪ್ಯಾರೊಕ್ಸೆಟಿನ್‌ಗಳು ಮೈ ಬಿಸಿಯಾಗುವುದನ್ನೂ ತಕ್ಕಮಟ್ಟಿಗೆ ತಗ್ಗಿಸುತ್ತವೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2013ರಲ್ಲಿ 7.5 ಮಿಲಿಗ್ರಾಂ ಪ್ಯಾರೊಕ್ಸೆಟಿನ್ನಿಗೆ ಇದೇ ಕಾರಣಕ್ಕೆ ಒಪ್ಪಿಗೆ ಕೊಟ್ಟಿದೆ. ಆದರೆ ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆಯಂಥ ಕಡೆ ಸ್ತನ ಕ್ಯಾನ್ಸರಿನ ಚಿಕಿತ್ಸೆ ಪಡೆದು ಟ್ಯಾಮಾಕ್ಸಿಫೆನ್ ಎಂಬ ಕ್ಯಾನ್ಸರ್ ಗುಳಿಗೆ ನುಂಗುತ್ತಿರುವವರಿಗೆ ಪ್ಯಾರೊಕ್ಸೆಟಿನ್ ಮತ್ತು ಫ್ಲೂಯೊಕ್ಸೆಟಿನ್ ಬೇಡ. ಟ್ಯಾಮಾಕ್ಸಿಫೆನ್ ದೇಹದಲ್ಲಿ ತನ್ನ ಸಕ್ರಿಯ ರೂಪಕ್ಕೆ ಬದಲಾಗುವುದನ್ನು ಅವು ತಡೆಯುತ್ತವೆ. ಅಲ್ಲಿ ವೆನ್ಲಾಫ್ಯಾಕ್ಸಿನ್ ಅಥವಾ ಎಸ್ಸಿಟಾಲೋಪ್ರಾಮ್ ಸೂಕ್ತ.

ಇದೆಲ್ಲ ನೆರವೇರಬೇಕಾದರೆ ಇಬ್ಬರು ವೈದ್ಯರು ಒಂದೇ ಕಡತವನ್ನು ನೋಡಬೇಕು. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಲ್ಲಿ ಮನೋವೈದ್ಯರಿದ್ದಾರೆ. ಹುಬ್ಬಳ್ಳಿ ಮತ್ತು ಗದಗಿನ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ಸ್ತ್ರೀರೋಗ ಮತ್ತು ಮನೋರೋಗ ವಿಭಾಗಗಳೆರಡೂ ಒಂದೇ ಆವರಣದಲ್ಲಿವೆ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ಸಿಗುವ ವ್ಯವಸ್ಥೆಯಿದೆ, 14416 ಸಂಖ್ಯೆಗೆ ಕರೆ ಮಾಡಿದರೆ ಟೆಲಿ ಮಾನಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮಾತನಾಡಬಹುದು. ಎಸ್ಸಿಟಾಲೋಪ್ರಾಮ್‌ನಂಥ ಗುಳಿಗೆಗಳು ಜನೌಷಧಿ ಕೇಂದ್ರಗಳಲ್ಲಿ ಅಗ್ಗವಾಗಿ ದೊರೆಯುತ್ತವೆ. ಹುಚ್ಚಾಸ್ಪತ್ರೆಗೆ ಹೋದಳೆಂದು ಓಣಿಯಲ್ಲಿ ಮಾತು ಬರುತ್ತದೆಂಬ ಅಂಜಿಕೆಯಿಂದ ಧಾರವಾಡದ ಹಾದಿ ಹಿಡಿಯದವರು ಇಂದಿಗೂ ಇದ್ದಾರೆ, ಅವರನ್ನು ದೂರುವುದಕ್ಕಿಂತ ಸ್ತ್ರೀರೋಗ ತಜ್ಞರೇ ಮನಸ್ಸಿನ ಬಗ್ಗೆ ಎರಡು ಪ್ರಶ್ನೆ ಕೇಳಿ, ಮನೋವೈದ್ಯರಿಗೆ ತಾವೇ ಒಂದು ಚೀಟಿ ಬರೆದುಕೊಟ್ಟರೆ ಆ ಅಂಜಿಕೆ ಅರ್ಧ ಇಳಿಯುತ್ತದೆ.

ನಿಲ್ಲಿಸುವ ವಿಷಯದಲ್ಲೂ ಆರಂಭದಷ್ಟೇ ಎಚ್ಚರ ಬೇಕು. ಖಿನ್ನತೆಯ ಗುಳಿಗೆಯನ್ನು ಮನಸ್ಸು ಸರಿಯಾದ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸಬೇಕು, ಹಿಂದೆ ಹಲವು ಸಲ ಖಿನ್ನತೆ ಬಂದವರು ಇನ್ನೂ ಹೆಚ್ಚು ಕಾಲ. ಹಾರ್ಮೋನಿನ ಅವಧಿಯನ್ನು ವರ್ಷಕ್ಕೊಮ್ಮೆ ಸ್ತನ ಪರೀಕ್ಷೆ, ಬಿಪಿ ತಪಾಸಣೆಗಳ ಜೊತೆಗೆ ಮರುಪರಿಶೀಲಿಸಬೇಕು. ಎರಡನ್ನೂ ಒಂದೇ ಬಾರಿಗೆ ಇಳಿಸಬಾರದು: ಒಂದನ್ನು ಕೆಲವು ವಾರಗಳಲ್ಲಿ ನಿಧಾನವಾಗಿ ಇಳಿಸಿ, ಎರಡು-ಮೂರು ತಿಂಗಳು ಮನಸ್ಸು ನೆಟ್ಟಗಿದೆಯೆಂದು ಖಾತ್ರಿಯಾದ ಮೇಲೆ ಇನ್ನೊಂದಕ್ಕೆ ಕೈ ಹಾಕಬೇಕು. ಹಳೆಯ ಖಿನ್ನತೆಯಿದ್ದ ಗದಗಿನ ಶಿಕ್ಷಕಿಯಂಥವರಲ್ಲಿ ಮೊದಲು ಇಳಿಸುವುದು ಹಾರ್ಮೋನ್, ಸಂಕ್ರಮಣದಲ್ಲೇ ಮೊದಲ ಬಾರಿಗೆ ಮನಸ್ಸು ಕುಸಿದವರಲ್ಲಿ ಹಲವು ಸಲ ಖಿನ್ನತೆಯ ಗುಳಿಗೆ. ಮುಟ್ಟು ನಿಂತು ವರ್ಷ ಕಳೆದ ಮೇಲೆ ಮತ್ತೆ ರಕ್ತ ಕಾಣಿಸಿಕೊಂಡರೆ, ಹಾರ್ಮೋನ್ ತೆಗೆದುಕೊಳ್ಳುತ್ತಿರಲಿ ಬಿಡಲಿ, ಅದನ್ನು ತಕ್ಷಣ ಸ್ತ್ರೀರೋಗ ತಜ್ಞರಿಗೆ ತೋರಿಸಬೇಕು.